ಕೈಯಲ್ಲಿ ಹಿಡಿಯುವ ಜಿಪಿಎಸ್: ಘಾಟ್ ರಸ್ತೆಯಿಂದ ಕುಮಾರ ಪರ್ವತದ ತುದಿವರೆಗೆ

ಫೋನಿನಲ್ಲೇ ಮ್ಯಾಪ್ ಇರುವಾಗ ಬೇರೆ ಜಿಪಿಎಸ್ ಯಾಕೆ? ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವವರಿಗೆ ಖಂಡಿತ ಬೇಡ. ಫೋನ್ ದನಿಯಲ್ಲಿ ದಾರಿ ಹೇಳುತ್ತದೆ, ಎಲ್ಲಿ ಟ್ರಾಫಿಕ್ ಜಾಸ್ತಿ ಇದೆ ಅಂತಲೂ ಹೇಳುತ್ತದೆ. ಆದರೆ ಕಾರು ನಿಲ್ಲಿಸಿ ಕಾಲುದಾರಿ ಹಿಡಿಯುವವರ ಲೆಕ್ಕ ಬೇರೆ. ಒದ್ದೆ ಬೆರಳಿನ ಮಾತನ್ನು ಟಚ್ ಸ್ಕ್ರೀನ್ ಕೇಳುವುದಿಲ್ಲ. ನೆತ್ತಿ ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಕಾಡಿನಲ್ಲಿ ಸಿಗದ ನೆಟ್‌ವರ್ಕನ್ನು ಹುಡುಕುತ್ತಲೇ ಫೋನಿನ ಬ್ಯಾಟರಿ ಸಂಜೆಯೊಳಗೆ ಖಾಲಿಯಾಗುತ್ತದೆ. ಅಂಥ ಕಡೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ದಿನವಿಡೀ ಓಡುವ, ಬಟನ್ ಒತ್ತಿದರೆ ಕೆಲಸ ಮಾಡುವ, ಮಳೆಗೆ ಹೆದರದ ಪುಟ್ಟ ಉಪಕರಣ ಜೊತೆಗಿದ್ದರೆ ಧೈರ್ಯ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಉಪಕರಣವನ್ನು ಬಹಳ ಜನ ಬಾಣ ತೋರಿಸುವ ಯಂತ್ರ ಅಂತ ತಿಳಿದಿದ್ದಾರೆ. ಕಾಡಿನಲ್ಲಿ ಅದರ ನಿಜವಾದ ಬೆಲೆ ಬಾಣದಲ್ಲಿಲ್ಲ. ನೀವು ನಡೆದು ಬಂದ ದಾರಿಯನ್ನು ಅದು ಗೆರೆಯಾಗಿ ಬರೆದಿಟ್ಟುಕೊಳ್ಳುತ್ತದಲ್ಲ, ಅದರಲ್ಲಿದೆ. ಆ ಗೆರೆ ಸರಿಯಾಗಿ ಸಿಗಬೇಕಾದರೆ ಅರ್ಧ ಕೆಲಸ ಮನೆಯಲ್ಲೇ ಮುಗಿದಿರಬೇಕು.

ಉದಾಹರಣೆಗೆ ಒಂದು ನಿಜವಾದ ದಾರಿಯನ್ನೇ ತೆಗೆದುಕೊಳ್ಳೋಣ: ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟ್ ಇಳಿದು ಗುಂಡ್ಯದಲ್ಲಿ ತಿರುಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಕಾರಿನಲ್ಲಿ. ಅಲ್ಲಿಂದ 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಕಾಲ್ನಡಿಗೆಯಲ್ಲಿ. ಉಪಕರಣದ ಮಟ್ಟಿಗೆ ಗಾರ್ಮಿನ್ ಈಟ್ರೆಕ್ಸ್ 22ಎಕ್ಸ್ ಕೈಯಲ್ಲಿದೆ ಅಂದುಕೊಳ್ಳಿ. ಬೇರೆ ಮಾಡೆಲ್ ಆದರೆ ಮೆನು ಸ್ವಲ್ಪ ಅತ್ತಿತ್ತ ಇರುತ್ತದೆ, ತತ್ವ ಒಂದೇ.

ಕೊಳ್ಳುವ ಮೊದಲು

22ಎಕ್ಸ್‌ನಲ್ಲಿ 2.2 ಇಂಚಿನ ಪರದೆ, 8 ಜಿಬಿ ಮೆಮೊರಿ, ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದೆ. ಕಂಪನಿ ಹೇಳುವ ಪ್ರಕಾರ ಎರಡು ಎಎ ಸೆಲ್‌ನಲ್ಲಿ 25 ಗಂಟೆ ಬರುತ್ತದೆ. ಅದರ ಅಣ್ಣ 32ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರ್ ಸೇರಿವೆ. ಈ ವ್ಯತ್ಯಾಸ ಚಿಕ್ಕದಲ್ಲ. 22ಎಕ್ಸ್ ಹಿಡಿದು ಸುಮ್ನೆ ನಿಂತರೆ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ನಡೆದಾಗ ಮಾತ್ರ ಜಾಗ ಬದಲಾಗಿದ್ದನ್ನು ನೋಡಿ ದಿಕ್ಕು ಲೆಕ್ಕ ಹಾಕುತ್ತದೆ. ಹೊಸಬರು ನಿಂತಲ್ಲೇ ಗಿರಗಿರ ತಿರುಗಿ 'ಬಾಣ ತಪ್ಪು ತೋರಿಸ್ತಿದೆ' ಅನ್ನುವುದು ಇದಕ್ಕೇ. ಕೈಗೆಟಕುವ ಬೆಲೆ ಮುಖ್ಯವಾದರೆ 22ಎಕ್ಸ್ ಸಾಕು, ಜೇಬಿನಲ್ಲಿ ಒಂದು ಸಾದಾ ದಿಕ್ಸೂಚಿ ಇಟ್ಟುಕೊಳ್ಳಿ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಬರುವಾಗ ತರಿಸಿಕೊಳ್ಳುವವರು ಎರಡು ವಿಷಯ ನೋಡಬೇಕು. ಒಂದು, ಅಲ್ಲಿ ಕೊಂಡದ್ದರಲ್ಲಿ ಅಲ್ಲಿನ ಮ್ಯಾಪ್ ಇರುತ್ತದೆ. ಭಾರತದ್ದನ್ನು ನೀವೇ ಹಾಕಬೇಕು. ಅದು ಸುಲಭ, ಮುಂದೆ ಹೇಳುತ್ತೇನೆ. ಎರಡನೆಯದು ಗಂಭೀರ. ಕೆಲವು ಉಪಕರಣಗಳು ಸಿಗ್ನಲ್ ಪಡೆಯುವುದಷ್ಟೇ ಅಲ್ಲ, ಉಪಗ್ರಹದ ಮೂಲಕ ಸಂದೇಶವನ್ನೂ ಕಳಿಸುತ್ತವೆ. ಗಾರ್ಮಿನ್‌ನ ಇನ್‌ರೀಚ್ ಸರಣಿ, ಜಿಪಿಎಸ್‌ಮ್ಯಾಪ್ 66ಐ, 67ಐ ಈ ಜಾತಿಯವು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಇದರಿಂದ ಪೊಲೀಸ್ ಕೇಸಾಗಿ ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ. ಆದ್ದರಿಂದ ಬರೀ ಸಿಗ್ನಲ್ ಪಡೆಯುವ ಮಾಡೆಲ್ ಅನ್ನೇ ತರಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಾರೀಕು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಆಯಿತು. ಆಗ ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೆಯ ಉಪಕರಣಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತವೆ. ಜಾಗ ಸರಿ ತೋರಿಸಬಹುದು, ಆದರೆ ಸೂರ್ಯಾಸ್ತದ ಸಮಯ, ನಡೆದ ದಾರಿಯ ದಾಖಲೆಯ ತಾರೀಕು ಎಲ್ಲ ಎಡವಟ್ಟು.

ಮೊದಲ ದಿನ: ಆಕಾಶ ತೋರಿಸಿ

ಪೆಟ್ಟಿಗೆಯಿಂದ ತೆಗೆದ ತಕ್ಷಣ ಹಾಲ್‌ನಲ್ಲಿ ಕೂತು ಆನ್ ಮಾಡಿದರೆ ಏನೂ ಸಿಗುವುದಿಲ್ಲ. ತಾರಸಿಗೆ ಹೋಗಿ. ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಿಗ್ನಲ್ ಬಹಳ ಕ್ಷೀಣ. ತಾರಸಿಯ ಕಾಂಕ್ರೀಟ್ ದಾಟುವ ಶಕ್ತಿ ಅದಕ್ಕಿಲ್ಲ. ಕನಿಷ್ಠ ನಾಲ್ಕು ಉಪಗ್ರಹ ಕಂಡರೆ ಜಾಗ ಮತ್ತು ಎತ್ತರ ಎರಡೂ ಸಿಗುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗವನ್ನು ಪೂರ್ತಿ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಅದಕ್ಕೇ ಮೊದಲ ಸಲ ಕಾಲು ಗಂಟೆ ತೆರೆದ ಆಕಾಶದ ಕೆಳಗೆ ಅಲುಗಾಡಿಸದೆ ಇಡಿ. ಆಮೇಲೆ ದಿನಾ ಆನ್ ಮಾಡಿದಾಗ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಆಫ್ ಮಾಡಿ ವಿಮಾನದಲ್ಲಿ ದೆಹಲಿಗೋ ಡೆಹ್ರಾಡೂನಿಗೋ ಹೋಗಿ ಇಳಿದಾಗ ಮತ್ತೆ ತಡವಾದರೆ ಗಾಬರಿ ಬೇಡ.

ಈ ಹೊತ್ತಿನಲ್ಲಿ ಸ್ಯಾಟಲೈಟ್ ಪುಟ ತೆರೆದು ನೋಡಿ. ವೃತ್ತದೊಳಗೆ ನಂಬರ್‌ಗಳು, ಕೆಳಗೆ ಕಂಬಗಳು. ಕಂಬ ಎತ್ತರವಾದಷ್ಟೂ ಸಿಗ್ನಲ್ ಜೋರು. 1ರಿಂದ 32ರವರೆಗಿನ ನಂಬರ್ ಅಮೆರಿಕದ ಜಿಪಿಎಸ್, 65ರಿಂದ ಮೇಲಿನವು ರಷ್ಯಾದ ಗ್ಲೋನಾಸ್. ಮಧ್ಯೆ 40, 41 ಅಂತ ಕಂಡರೆ ಅದು ನಮ್ಮದೇ ಗಗನ್. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ವ್ಯವಸ್ಥೆ ಇದು. ಜಿಪಿಎಸ್ ಸಿಗ್ನಲ್‌ನ ತಪ್ಪನ್ನು ನೆಲದ ಮೇಲೆ ಅಳೆದು, ತಿದ್ದುಪಡಿಯನ್ನು ಜಿಸ್ಯಾಟ್ ಉಪಗ್ರಹಗಳ ಮೂಲಕ ಬಿತ್ತರಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಸೆಟ್ಟಿಂಗ್‌ನಲ್ಲಿ ಇದಕ್ಕೆ ಗಗನ್ ಅಂತ ಹೆಸರಿರುವುದಿಲ್ಲ. ಸಿಸ್ಟಮ್ ಮೆನುವಿನಲ್ಲಿ 'ವಾಸ್/ಎಗ್‌ನಾಸ್' ಅಂತ ಇರುತ್ತದೆ, ಅದನ್ನು ಆನ್ ಮಾಡಿ. ತಿದ್ದುಪಡಿ ಸಿಗತೊಡಗಿದಾಗ ಕಂಬಗಳ ಮೇಲೆ 'ಡಿ' ಅಕ್ಷರ ಮೂಡುತ್ತದೆ. ನನಗೆ ಆ 'ಡಿ' ಕಂಡಾಗಲೆಲ್ಲ ಖುಷಿ.

ನಾವಿಕ್ ಬೇರೆ. ಅದು ಭಾರತದ ಸ್ವಂತ ಉಪಗ್ರಹ ಜಾಲ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಿಂದ ನಡೆಯುತ್ತದೆ. ಎಲ್ಲ ಉಪಕರಣಗಳೂ ಅದನ್ನು ಹಿಡಿಯುವುದಿಲ್ಲ. 22ಎಕ್ಸ್ ಹಿಡಿಯುವುದು ಜಿಪಿಎಸ್ ಮತ್ತು ಗ್ಲೋನಾಸ್ ಮಾತ್ರ. ಎರಡನ್ನೂ ಆನ್ ಇಡಿ, ಮರಗಳ ಕೆಳಗೆ ಜಾಸ್ತಿ ಉಪಗ್ರಹ ಕಂಡಷ್ಟೂ ಒಳ್ಳೆಯದು.

ಪರದೆಯಲ್ಲಿ 'ನಿಖರತೆ 3 ಮೀಟರ್' ಅಂತ ಬರುತ್ತದೆ. ಅದು ಗ್ಯಾರಂಟಿ ಅಲ್ಲ, ಉಪಕರಣದ ಅಂದಾಜು. ತೆರೆದ ಬಯಲಿನಲ್ಲಿ ಹೆಚ್ಚುಕಮ್ಮಿ ಸರಿ ಇರುತ್ತದೆ. ಕಣಿವೆಯಲ್ಲಿ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರುವುದರಿಂದ ಅದೇ ಅಂದಾಜು ಮೋಸ ಮಾಡಬಹುದು.

ಸೆಟ್ಟಿಂಗ್: ಒಂದು ಸಲ ಕೂತು ಮುಗಿಸಿ

ಮೊದಲು ಬ್ಯಾಟರಿ ಯಾವ ಬಗೆ ಅಂತ ಹೇಳಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಮಾಮೂಲಿ ಅಲ್ಕಲೈನ್ 1.5 ವೋಲ್ಟ್. ತಪ್ಪು ಬಗೆ ಆರಿಸಿದರೆ ಸೆಲ್ ತುಂಬಿದ್ದರೂ ಖಾಲಿ ಅನ್ನುತ್ತದೆ. ಹಿಮಾಲಯದ ಚಳಿಗೆ ಹೋಗುವವರಿಗೆ ಲಿಥಿಯಂ ಎಎ ಸೆಲ್ ವಾಸಿ. ನಮ್ಮ ಘಟ್ಟಗಳಿಗೆ ಚಾರ್ಜ್ ಮಾಡುವ ಒಳ್ಳೆಯ ಸೆಲ್ ಎರಡು ಜೊತೆ ಇದ್ದರೆ ಧಾರಾಳ.

ಈಗ ಬರುವುದು ಎಲ್ಲರೂ ಎಡವುವ ಜಾಗ: ಅಕ್ಷಾಂಶ, ರೇಖಾಂಶ ಬರೆಯುವ ರೀತಿ. ಇದನ್ನು ನಿಧಾನವಾಗಿ ಓದಿ.

ಒಂದೇ ಜಾಗವನ್ನು ಮೂರು ರೀತಿ ಬರೆಯುತ್ತಾರೆ. ಮುಳ್ಳಯ್ಯನಗಿರಿಯ ಅಕ್ಷಾಂಶ ನೋಡಿ. ಫೋನಿನ ಮ್ಯಾಪ್‌ನಲ್ಲಿ 13.391 ಅಂತ ಬರುತ್ತದೆ. ಗಾರ್ಮಿನ್ ಅದನ್ನೇ 13° 23.46' ಅಂತ ತೋರಿಸುತ್ತದೆ. ಹಳೆಯ ಕ್ರಮದಲ್ಲಿ 13° 23' 28". ಮೂರೂ ಒಂದೇ. ದಶಮಾಂಶದ ಭಾಗವನ್ನು 60ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ: 0.391 ಗುಣಿಸು 60, ಅಂದರೆ 23.46. ಉಳಿದ 0.46 ಅನ್ನು ಮತ್ತೆ 60ರಿಂದ ಗುಣಿಸಿದರೆ 28 ಸೆಕೆಂಡ್.

ಯಾರಾದರೂ ಫೋನಿನ 13.391 ಅನ್ನು 13° 39.1' ಅಂತ ಒತ್ತಿದರು ಅಂತಿಟ್ಟುಕೊಳ್ಳಿ. ಅಕ್ಷಾಂಶದ ಒಂದು ನಿಮಿಷ ಎಂದರೆ ನೆಲದ ಮೇಲೆ 1.85 ಕಿಲೋಮೀಟರ್. ಗುರುತು ಹೋಗಿ ಕೂರುವುದು ಸುಮಾರು 29 ಕಿಲೋಮೀಟರ್ ಉತ್ತರಕ್ಕೆ! ಇದು ದೊಡ್ಡ ತಪ್ಪು, ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. ನಿಜವಾದ ಅಪಾಯ ಸಣ್ಣ ತಪ್ಪಿನದು. 13° 23' 28" ಇದ್ದದ್ದನ್ನು 13° 23.28' ಅಂತ ಒತ್ತಿದರೆ ಗುರುತು ಬರೀ ಮುನ್ನೂರು ಚಿಲ್ಲರೆ ಮೀಟರ್ ಸರಿಯುತ್ತದೆ. ಮ್ಯಾಪ್‌ನಲ್ಲಿ ಸರಿಯಾಗೇ ಇದೆ ಅನ್ನಿಸುತ್ತದೆ. ಬೆಟ್ಟದಲ್ಲಿ ಮುನ್ನೂರು ಮೀಟರ್ ಅಂದರೆ ಏಣಿನ ಈಚೆಗಿರುವ ದಾರಿ ಆಚೆಯ ಕೊರಕಲಿಗೆ ಹೋಗಿ ಬೀಳುತ್ತದೆ.

ಪರಿಹಾರ ಸುಲಭ. ಸೆಟಪ್‌ನ ಪೊಸಿಷನ್ ಫಾರ್ಮ್ಯಾಟ್‌ಗೆ ಹೋಗಿ ದಶಮಾಂಶ ಡಿಗ್ರಿ ಆರಿಸಿಬಿಡಿ. ಫೋನ್ ಮತ್ತು ಉಪಕರಣ ಒಂದೇ ಭಾಷೆ ಮಾತಾಡುತ್ತವೆ. ಜೊತೆಗೆ ಬರುವ ಎಲ್ಲರ ಉಪಕರಣವೂ ಹೀಗೇ ಇರಲಿ.

ಅದೇ ಪುಟದಲ್ಲಿ ಡೇಟಮ್ ಅಂತ ಇರುತ್ತದೆ, ಅಂದರೆ ಭೂಮಿಯ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿದು ಅಕ್ಷಾಂಶ, ರೇಖಾಂಶ ಅಳೆಯಬೇಕು ಅನ್ನುವುದು. ಅದು ಡಬ್ಲ್ಯುಜಿಎಸ್ 84 ಇರಲಿ. ಸರ್ವೆ ಆಫ್ ಇಂಡಿಯಾದ ಎತ್ತರ-ತಗ್ಗು ತೋರಿಸುವ ಹಳೆಯ ಟೋಪೋಶೀಟ್‌ಗಳು ಎವರೆಸ್ಟ್ ಎಂಬ ಬೇರೆ ಲೆಕ್ಕದಲ್ಲಿವೆ. ಅದರಿಂದ ಅಂಕಿ ಓದಿ ನೇರ ಹಾಕಿದರೆ ನಮ್ಮ ಕಡೆ ನೂರು-ಇನ್ನೂರು ಮೀಟರ್ ತಪ್ಪು ಬರುತ್ತದೆ. ಹೊಸ ಓಪನ್ ಸೀರೀಸ್ ನಕ್ಷೆಗಳಲ್ಲಿ ಈ ತೊಂದರೆ ಇಲ್ಲ.

ದೂರ ಕಿಲೋಮೀಟರ್‌ನಲ್ಲಿ, ಎತ್ತರ ಮೀಟರ್‌ನಲ್ಲಿ ಇಡಿ. ಕಾಂತೀಯ ಉತ್ತರ ಮತ್ತು ನಿಜ ಉತ್ತರದ ವ್ಯತ್ಯಾಸ ಕರ್ನಾಟಕದಲ್ಲಿ ಒಂದೆರಡು ಡಿಗ್ರಿ ಒಳಗೇ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮ್ಯಾಪ್ ಹಾಕುವುದು

ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ, ಗಾರ್ಮಿನ್‌ಗೆ ಹೊಂದುವ ಭಾರತದ ಮ್ಯಾಪ್ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ವಿಷಯ ನೋಡಿ ಆರಿಸಿ: ಅದು ಐಎಂಜಿ ಫೈಲ್ ಆಗಿರಬೇಕು, ರಸ್ತೆ ಹಿಡಿದು ದಾರಿ ಲೆಕ್ಕ ಹಾಕುವ ಸೌಲಭ್ಯ ಇರಬೇಕು, ಎತ್ತರದ ಗೆರೆಗಳಿರಬೇಕು. ಎರಡನೆಯದು ಇಲ್ಲದಿದ್ದರೆ ಕಾರಿನಲ್ಲಿ ಉಪಯೋಗವಿಲ್ಲ. ಮೂರನೆಯದು ಇಲ್ಲದಿದ್ದರೆ ಬೆಟ್ಟದಲ್ಲಿ ಉಪಯೋಗವಿಲ್ಲ.

ಮೈಕ್ರೋ ಎಸ್‌ಡಿ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಅದರಲ್ಲಿ ಗಾರ್ಮಿನ್ ಹೆಸರಿನ ಫೋಲ್ಡರ್ ತೆರೆದು, ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಟ್ಟು, ಫೈಲ್ ಅಲ್ಲಿಗೆ ಹಾಕಿ. ಕಾರ್ಡ್ ಹಾಕುವ ಜಾಗ ಬ್ಯಾಟರಿಯ ಕೆಳಗಿದೆ. ಆನ್ ಮಾಡಿ, ಸೆಟಪ್‌ನ ಮ್ಯಾಪ್ ಪುಟದಲ್ಲಿ ಹೊಸ ಮ್ಯಾಪನ್ನು ಆರಿಸಿ, ಹಳೆಯದನ್ನು ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದರ ಮೇಲೊಂದು ಕೂತು ಏನೂ ಓದಲಾಗುವುದಿಲ್ಲ.

ನಂತರ ನಿಮಗೆ ಚೆನ್ನಾಗಿ ಗೊತ್ತಿರುವ ಜಾಗ, ನಿಮ್ಮೂರಿನ ಕೆರೆಯನ್ನೋ ಬಸ್ ಸ್ಟ್ಯಾಂಡನ್ನೋ, ಹುಡುಕಿ ನೋಡಿ. ಮ್ಯಾಪ್ ಎಷ್ಟು ನಂಬಿಕಸ್ತ ಅಂತ ಅಂದಾಜಾಗುತ್ತದೆ.

ಹೊರಡುವ ಹಿಂದಿನ ದಿನ

ಇಲ್ಲಿ ಮೂರು ಪದಗಳು ಬೇಕು. ವೇಪಾಯಿಂಟ್ ಎಂದರೆ ಒಂದು ಜಾಗದ ಗುರುತು. ರೂಟ್ ಎಂದರೆ ಮುಂದೆ ಹೋಗಬೇಕಾದ ದಾರಿ, ಗುರುತಿನಿಂದ ಗುರುತಿಗೆ. ಟ್ರ್ಯಾಕ್ ಎಂದರೆ ಯಾರೋ ನಿಜವಾಗಿ ನಡೆದ ದಾರಿಯ ದಾಖಲೆ. ನೀವೂ ಇರಬಹುದು, ಬೇರೆಯವರೂ ಇರಬಹುದು.

ಕುಮಾರ ಪರ್ವತಕ್ಕೆ ನಾನು ಹಾಕುವ ಗುರುತುಗಳು ಇವು: ಗುಂಡ್ಯದ ತಿರುವು, ಕುಕ್ಕೆಯಲ್ಲಿ ಕಾರು ನಿಲ್ಲಿಸುವ ಜಾಗ, ದೇವರಗದ್ದೆಯಲ್ಲಿ ಕಾಡಿನ ದಾರಿ ಶುರುವಾಗುವ ಕಡೆ, ಭಟ್ಟರ ಮನೆ, ಅರಣ್ಯ ಇಲಾಖೆಯ ತಪಾಸಣೆ ಜಾಗ, ಕಲ್ಲು ಮಂಟಪ, ಶೇಷ ಪರ್ವತ, ತುದಿ. ಹೆಸರು ಚಿಕ್ಕದಾಗಿರಲಿ. ಉಪಕರಣದಲ್ಲಿ ಕನ್ನಡ ಅಕ್ಷರ ಮೂಡದಿರಬಹುದು, ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. '001, 002' ಅಂತ ಬಿಟ್ಟರೆ ಮಂಜಿನಲ್ಲಿ ನಿಂತಾಗ ಯಾವುದು ಏನು ಅಂತ ನೆನಪಾಗುವುದಿಲ್ಲ.

ಬೇರೆಯವರ ಜಿಪಿಎಕ್ಸ್ ಫೈಲ್ (ಟ್ರ್ಯಾಕ್, ಗುರುತುಗಳನ್ನು ಇಡುವ ಫೈಲ್) ಸಿಕ್ಕರೆ ಉಪಕರಣದ ಜಿಪಿಎಕ್ಸ್ ಫೋಲ್ಡರಿಗೆ ಹಾಕಿದರೆ ಆಯಿತು. ಆದರೆ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ. ಅವರು ದಾರಿ ತಪ್ಪಿ ಅಲೆದದ್ದೂ ಅದರಲ್ಲಿ ಸೇರಿರುತ್ತದೆ. ಇನ್ನೊಂದು ಮಾತು, ಒಬ್ಬರು ನಡೆದಿದ್ದಾರೆ ಅಂದಮಾತ್ರಕ್ಕೆ ಅಲ್ಲಿ ನಡೆಯಲು ಅನುಮತಿ ಇದೆ ಅಂತ ಅಲ್ಲ. ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮದ ಭಾಗ. ಚಾರಣದ ಪರವಾನಗಿಯನ್ನು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಪಡೆಯಬೇಕು. ಕಾಡಿನ ಒಳದಾರಿಗಳನ್ನು ಜಿಪಿಎಸ್ ತೋರಿಸಿತು ಅಂತ ನುಗ್ಗಬೇಡಿ.

ಕಾರಿನಲ್ಲಿ

ಪ್ರೊಫೈಲನ್ನು, ಅಂದರೆ ಒಂದೊಂದು ಬಳಕೆಗೆ ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟನ್ನು, ಆಟೋಮೋಟಿವ್‌ಗೆ ಬದಲಿಸಿ. ಇದೊಂದು ಬದಲಾವಣೆಯಿಂದ ಮ್ಯಾಪ್ ನೀವು ಹೋಗುವ ದಿಕ್ಕಿಗೆ ತಿರುಗುತ್ತದೆ, ದಾರಿ ರಸ್ತೆ ಹಿಡಿದು ಲೆಕ್ಕವಾಗುತ್ತದೆ. ಪ್ರೊಫೈಲ್ ಹಳೆಯದೇ ಇದ್ದು ರೂಟಿಂಗ್‌ನಲ್ಲಿ 'ಡೈರೆಕ್ಟ್' ಉಳಿದಿದ್ದರೆ ಬೆಂಗಳೂರಿನಿಂದ ಕುಕ್ಕೆಗೆ ಒಂದೇ ನೇರ ಗೆರೆ ಎಳೆದುಬಿಡುತ್ತದೆ.

ನಂತರ ರೂಟಿಂಗ್ ಪುಟದಲ್ಲಿ 'ಬೇಗ ತಲುಪುವ ದಾರಿ' ಆರಿಸಿ. 'ಕಡಿಮೆ ದೂರ' ಬೇಡವೇ ಬೇಡ. ಕಡಿಮೆ ದೂರ ಅಂದರೆ ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟ್ ಹಿಡಿಸಬಹುದು. ಸೊಗಸಾದ ದಾರಿ, ಹಗಲಲ್ಲಿ ನೋಡಲೇಬೇಕು. ಆದರೆ ಕಿರಿದು, ಕಾಡು, ಮಳೆಗಾಲದ ರಾತ್ರಿ ಅಪರಿಚಿತರಿಗೆ ಹೇಳಿದ್ದಲ್ಲ. ಮಲೆನಾಡಿನಲ್ಲಿ ಕಡಿಮೆ ದೂರದ ದಾರಿ ಎಷ್ಟೋ ಸಲ ಕಾಫಿ ತೋಟದ ಗೇಟಿಗೆ ಹೋಗಿ ನಿಲ್ಲುತ್ತದೆ. ಮಣ್ಣು ರಸ್ತೆ ತಪ್ಪಿಸು ಎಂಬ ಆಯ್ಕೆಯನ್ನೂ ಆನ್ ಮಾಡಿ.

ಉದ್ದ ದಾರಿಯನ್ನು ತುಂಡು ಮಾಡಿ ಕೊಡಿ: ಮೊದಲು ಹಾಸನ, ಆಮೇಲೆ ಗುಂಡ್ಯ, ಆಮೇಲೆ ಕುಕ್ಕೆ. ಚಿಕ್ಕ ಉಪಕರಣಕ್ಕೆ ಲೆಕ್ಕ ಬೇಗ ಮುಗಿಯುತ್ತದೆ, ನಿಮಗೂ ದಾರಿಯ ಮೇಲೆ ಹಿಡಿತ ಇರುತ್ತದೆ.

ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಹತ್ತಿರ ಗಟ್ಟಿಯಾದ ಹೋಲ್ಡರ್‌ನಲ್ಲಿ ಕೂರಿಸಿ, ಕಾರಿನ ಯುಎಸ್‌ಬಿಯಿಂದ ಕರೆಂಟ್ ಕೊಡಿ. ಗೇರ್ ಹತ್ತಿರದ ಗುಂಡಿಯಲ್ಲಿಟ್ಟರೆ ಮೇಲ್ಛಾವಣಿ ಅಡ್ಡ ಬಂದು ಸಿಗ್ನಲ್ ಬೀಳುತ್ತದೆ. 22ಎಕ್ಸ್ ಮಾತಾಡುವುದಿಲ್ಲ, ತಿರುವು ಬಂದಾಗ ಬೀಪ್ ಅನ್ನುತ್ತದೆ ಅಷ್ಟೇ. ಚಿಕ್ಕ ಪರದೆ ಬೇರೆ. ಹಾಗಾಗಿ ಪಕ್ಕದಲ್ಲಿ ಕೂತವರೇ ನೋಡಿ ಹೇಳಲಿ. ಒಬ್ಬರೇ ಇದ್ದರೆ ಫೋನ್ ದನಿಯನ್ನು ಕೇಳಿ, ಈ ಉಪಕರಣ ಸುಮ್ಮನೆ ಟ್ರ್ಯಾಕ್ ಬರೆದುಕೊಂಡು ಬರಲಿ. ಬಟನ್ ಒತ್ತಬೇಕಾದರೆ ಬದಿಗೆ ನಿಲ್ಲಿಸಿ.

ಮ್ಯಾಪ್‌ಗೆ ಗೊತ್ತಿಲ್ಲದ ಸಂಗತಿಗಳು ಬಹಳ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದದ್ದು ಅದಕ್ಕೆ ತಿಳಿಯುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಆದರೂ ಅದು ಊಟಿಗೆ ಅದೇ ದಾರಿಯನ್ನು ಹೇಳುತ್ತದೆ. ಹೊರಡುವ ಮೊದಲು ಜಿಲ್ಲಾಡಳಿತದ ಸುದ್ದಿ ನೋಡಿ. ಘಾಟ್ ಶುರುವಾಗುವ ಕಡೆ ಟೀ ಅಂಗಡಿಯಲ್ಲಿ 'ಅಣ್ಣಾ, ಕೆಳಗೆ ರೋಡ್ ಹೇಗಿದೆ?' ಅಂತ ಕೇಳಿ. ಅದಕ್ಕಿಂತ ತಾಜಾ ಮಾಹಿತಿ ಇನ್ನೆಲ್ಲೂ ಸಿಗುವುದಿಲ್ಲ.

ಕಾರಿನಿಂದ ಇಳಿದ ಮೇಲೆ

ಇಳಿದ ತಕ್ಷಣ ಈ ಕ್ರಮ ತಪ್ಪಿಸಬೇಡಿ.

1. ಪ್ರೊಫೈಲನ್ನು ರಿಕ್ರಿಯೇಷನಲ್‌ಗೆ ಬದಲಿಸಿ. 'ಲಾಕ್ ಆನ್ ರೋಡ್' ಆಫ್ ಆಗಿದೆಯಾ ನೋಡಿ. ಅದು ಆನ್ ಇದ್ದರೆ ನೀವು ಕಾಡಿನಲ್ಲಿದ್ದರೂ ಹತ್ತಿರದ ರಸ್ತೆಯ ಮೇಲೆ ತೋರಿಸುತ್ತದೆ.
2. ಕಾರು ನಿಂತ ಜಾಗಕ್ಕೆ ವೇಪಾಯಿಂಟ್ ಹಾಕಿ. ಉಪಗ್ರಹ ಚೆನ್ನಾಗಿ ಸಿಗುವವರೆಗೆ ಕಾಯಿರಿ, ಆತುರ ಬೇಡ.
3. ಟ್ರ್ಯಾಕ್ ಮ್ಯಾನೇಜರ್‌ನಲ್ಲಿ ಕಾರಿನ ಟ್ರ್ಯಾಕನ್ನು ಸೇವ್ ಮಾಡಿ, ಈಗಿನ ಟ್ರ್ಯಾಕನ್ನು ಖಾಲಿ ಮಾಡಿ.
4. ನಡೆದ ದೂರ, ಸಮಯ ಎಣಿಸುವ ಟ್ರಿಪ್ ಕಂಪ್ಯೂಟರನ್ನು ಸೊನ್ನೆಗೆ ತನ್ನಿ.
5. ಟ್ರ್ಯಾಕ್ ಬರೆಯುವುದು ಆನ್ ಇದೆಯಾ ಮತ್ತೊಮ್ಮೆ ನೋಡಿ.

ಮೂರನೆಯದನ್ನು ಬಿಟ್ಟರೆ ಬೆಂಗಳೂರಿನಿಂದ ಬಂದ ಗೆರೆ, ಕಾಡಿನ ಗೆರೆ ಎರಡೂ ಒಂದೇ ಆಗಿಬಿಡುತ್ತದೆ. ಒಂದು ಟ್ರ್ಯಾಕ್‌ಗೆ 10,000 ಬಿಂದುಗಳ ಮಿತಿ ಇದೆ. ಬರೆಯುವ ವಿಧಾನ 'ಆಟೋ' ಇರಲಿ, ತಿರುವು ಜಾಸ್ತಿ ಇರುವ ಕಾಡಿಗೆ 'ಮೋರ್ ಆಫನ್' ಆರಿಸಿ.

ನಡೆಯುವಾಗ ಉಪಕರಣವನ್ನು ಪ್ಯಾಂಟಿನ ಜೇಬಿಗೆ ಹಾಕಬೇಡಿ. ನಿಮ್ಮ ಮೈಯೇ ಸಿಗ್ನಲ್‌ಗೆ ಅಡ್ಡ. ಬ್ಯಾಗಿನ ಹೆಗಲ ಪಟ್ಟಿಗೆ ಸಿಕ್ಕಿಸಿ, ಹೆಚ್ಚಿನದಾಗಿ ಒಂದು ದಾರವನ್ನೂ ಕಟ್ಟಿ. ಇಂಬಳ ಕೀಳಲು ಬಗ್ಗಿದಾಗ ಜಾರಿ ಪೊದೆಗೆ ಬಿದ್ದರೆ ಮತ್ತೆ ಸಿಗುವುದು ಕಷ್ಟ.

ದಾರಿ ಕವಲಾದಲ್ಲೆಲ್ಲ ಒಂದು ಗುರುತು ಹಾಕಿ. ಹತ್ತುವಾಗ ಕವಲು ಗಮನಕ್ಕೇ ಬರುವುದಿಲ್ಲ, ಯಾಕೆಂದರೆ ಎರಡು ದಾರಿ ಸೇರಿ ಒಂದಾಗುತ್ತಿರುತ್ತವೆ. ಇಳಿಯುವಾಗ ಅದೇ ಜಾಗದಲ್ಲಿ ಒಂದು ಎರಡಾಗುತ್ತದೆ. ಆಗಲೇ ಜನ ದಾರಿ ತಪ್ಪುವುದು. ಹತ್ತುವಾಗ ಆಗಾಗ ಹಿಂತಿರುಗಿ ನೋಡುವ ಅಭ್ಯಾಸ ಇದಕ್ಕೆ ಒಳ್ಳೆಯ ಜೊತೆ. ನೀರಿನ ಜಾಗಕ್ಕೂ ಗುರುತಿರಲಿ.

ಭಟ್ಟರ ಮನೆಯವರೆಗಿನ ದಟ್ಟ ಕಾಡಿನಲ್ಲಿ ಟ್ರ್ಯಾಕ್ ಅಂಕುಡೊಂಕಾಗಿ, ಅಕ್ಕಪಕ್ಕ ಹತ್ತಿಪ್ಪತ್ತು ಮೀಟರ್ ಜಿಗಿದಂತೆ ಕಾಣಬಹುದು. ಎಲೆಗಳ ಛಾವಣಿಯ ಪರಿಣಾಮ ಅದು. ಟ್ರಿಪ್ ಕಂಪ್ಯೂಟರ್ ಆ ಜಿಗಿತಗಳನ್ನೂ ಕೂಡಿಸಿಕೊಳ್ಳುವುದರಿಂದ ದೂರ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಊಟಕ್ಕೆ ಗಂಟೆಗಟ್ಟಲೆ ಕೂತಾಗಲೂ ಹೀಗೇ, ಒಂದೇ ಜಾಗದಲ್ಲಿ ಗೆರೆಗಳ ಗೋಜಲು ಬೆಳೆಯುತ್ತದೆ. ಮೇಲೆ ಹುಲ್ಲುಗಾವಲಿಗೆ ಬಂದ ಕೂಡಲೇ ಗೆರೆ ನೇರವಾಗುತ್ತದೆ.

ಈಗ ಬಾಣದ ವಿಷಯ. ಶೇಷ ಪರ್ವತದ ಹತ್ತಿರ ಮಂಜು ಕವಿದಿದೆ, ಹತ್ತು ಹೆಜ್ಜೆ ಮುಂದೆ ಕಾಣುತ್ತಿಲ್ಲ ಅಂತಿಟ್ಟುಕೊಳ್ಳಿ. ಇಳಿಯಬೇಕು. ಗೋ ಟು ಒತ್ತಿ ಭಟ್ಟರ ಮನೆ ಆರಿಸಿದರೆ ಬಾಣ ಆ ಮನೆಯ ಕಡೆ ನೆಟ್ಟಗೆ ತೋರಿಸುತ್ತದೆ. ಅದು ಸುಳ್ಳಲ್ಲ, ಮನೆ ಆ ದಿಕ್ಕಿನಲ್ಲೇ ಇದೆ. ಮಧ್ಯೆ ಏಣು ಮುಗಿದು ಪ್ರಪಾತ ಇದೆಯಾ ಅಂತ ಬಾಣ ಯೋಚಿಸುವುದಿಲ್ಲ. ಬಾಣ ಹಿಡಿದು ಹುಲ್ಲಿನ ಇಳಿಜಾರಿಗೆ ಕಾಲಿಟ್ಟರೆ ಪ್ರತಿ ಹೆಜ್ಜೆಗೂ ದೂರ ಕಡಿಮೆಯಾಗುತ್ತಾ ಬರುತ್ತದೆ, ಸರಿ ಹೋಗುತ್ತಿದ್ದೇವೆ ಅಂತ ಮನಸ್ಸಿಗೂ ಅನ್ನಿಸುತ್ತದೆ. ಅಲ್ಲೇ ಅಪಾಯ.

ಅದರ ಬದಲು ಟ್ರ್ಯಾಕ್ ಮ್ಯಾನೇಜರ್‌ಗೆ ಹೋಗಿ, ಈಗಿನ ಟ್ರ್ಯಾಕ್ ತೆರೆದು, 'ಟ್ರ್ಯಾಕ್‌ಬ್ಯಾಕ್' ಆರಿಸಿ. ಬೆಳಗ್ಗೆ ನಡೆದು ಬಂದ ಗೆರೆ ಮ್ಯಾಪ್ ಮೇಲೆ ಮೂಡುತ್ತದೆ. ಮ್ಯಾಪನ್ನು 50 ಅಥವಾ 80 ಮೀಟರ್ ಅಳತೆಗೆ ಹಿಗ್ಗಿಸಿ. ಇನ್ನು ನಿಮ್ಮ ಕೆಲಸ ಒಂದೇ, ನಿಮ್ಮ ತ್ರಿಕೋನ ಆ ಗೆರೆಯ ಮೇಲೇ ಇರುವಂತೆ ನೋಡಿಕೊಳ್ಳುವುದು. ಇಪ್ಪತ್ತು ಹೆಜ್ಜೆ ನಡೆಯಿರಿ, ನೋಡಿ, ಮತ್ತೆ ನಡೆಯಿರಿ. ತ್ರಿಕೋನ ಎಡಕ್ಕೆ ಸರಿದರೆ ನಿಲ್ಲಿ. ಎಡಕ್ಕೂ ಬಲಕ್ಕೂ ಹುಡುಕಾಡದೆ, ಗೆರೆಯ ಮೇಲೆ ಕೊನೆಯದಾಗಿ ಇದ್ದ ಕಡೆಗೆ ವಾಪಸ್ ಬಂದು ಮತ್ತೆ ಶುರು ಮಾಡಿ. ನೀವು ಕಾಲಿಟ್ಟು ಬಂದ ನೆಲವೇ ಅದು, ಅಲ್ಲಿ ಪ್ರಪಾತ ಇರಲು ಸಾಧ್ಯವಿಲ್ಲ. ಟ್ರ್ಯಾಕ್‌ಬ್ಯಾಕ್ ನಿಮ್ಮ ಮಾಡೆಲ್‌ನಲ್ಲಿ ಯಾವ ಮೆನುವಿನೊಳಗಿದೆ ಅಂತ ಮನೆ ಹತ್ತಿರದ ಪಾರ್ಕಿನಲ್ಲೇ ಹುಡುಕಿ ಅಭ್ಯಾಸ ಮಾಡಿ. ಒಂದು ಸುತ್ತು ನಡೆದು, ಕಣ್ಣು ಪರದೆ ಮೇಲೇ ಇಟ್ಟು ವಾಪಸ್ ಬನ್ನಿ. ಮಕ್ಕಳಿಗೆ ಕೊಟ್ಟರೆ ಅವರು ನಿಮಗಿಂತ ಬೇಗ ಕಲಿಯುತ್ತಾರೆ.

ಯಾರಿಗಾದರೂ ಪೆಟ್ಟಾದರೆ 112ಕ್ಕೆ ಕರೆ ಮಾಡಿ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಕರೆಗಿಂತ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಜಾಸ್ತಿ, ಹಾಗಾಗಿ ಊರಿನಲ್ಲಿರುವವರಿಗೆ ಜಾಗದ ಅಂಕಿಗಳನ್ನು ದಶಮಾಂಶದಲ್ಲಿ ಕಳಿಸಿ. ಅವರು ಅದನ್ನು ಯಾವ ಫೋನ್ ಮ್ಯಾಪ್‌ಗಾದರೂ ಹಾಗೇ ಹಾಕಬಹುದು. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಮನೆಯವರಿಗೆ ಹೇಳಿಹೋಗುವ ಕೆಲಸವನ್ನು ಜಿಪಿಎಸ್ ಮಾಡುವುದಿಲ್ಲ.

ಎತ್ತರ ಯಾಕೆ ತಪ್ಪು ತೋರಿಸುತ್ತದೆ

ಉಪಗ್ರಹಗಳು ಎಲ್ಲವೂ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಒಂದೂ ಇಲ್ಲ. ಅದಕ್ಕೇ ಎತ್ತರದ ತಪ್ಪು ಯಾವಾಗಲೂ ಅಡ್ಡಳತೆಯ ತಪ್ಪಿಗಿಂತ ಜಾಸ್ತಿ. 32ಎಕ್ಸ್‌ನಂಥ ಒತ್ತಡದ ಸೆನ್ಸರ್ ಇದ್ದರೆ ಏರಿಳಿತ ಚೆನ್ನಾಗಿ ಸಿಗುತ್ತದೆ, ಆದರೆ ಬೆಳಗ್ಗೆ ಗೊತ್ತಿರುವ ಎತ್ತರದ ಜಾಗದಲ್ಲಿ ಅದನ್ನು ಹೊಂದಿಸಬೇಕು. ರೈಲ್ವೆ ಸ್ಟೇಷನ್ ಹೆಸರಿನ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ, ಅದು ಒಳ್ಳೆಯ ಆಧಾರ. ಹವೆ ಬದಲಾದರೆ ಒತ್ತಡ ಬದಲಾಗಿ ನಿಂತಲ್ಲೇ ಎತ್ತರ ಬದಲಾಗುತ್ತದೆ.

ಫೋನ್ ಆ್ಯಪ್ ಮತ್ತು ಈ ಉಪಕರಣದ ನಡುವೆ ಎಂಬತ್ತು-ತೊಂಬತ್ತು ಮೀಟರ್ ವ್ಯತ್ಯಾಸ ಕಂಡರೆ ಎರಡೂ ಕೆಟ್ಟಿಲ್ಲ. ಜಿಪಿಎಸ್ ಭೂಮಿಯನ್ನು ನುಣುಪಾದ ಗಣಿತದ ಆಕಾರ ಅಂದುಕೊಂಡು ಲೆಕ್ಕ ಹಾಕುತ್ತದೆ. ಗುರುತ್ವಾಕರ್ಷಣೆ ಎಲ್ಲ ಕಡೆ ಒಂದೇ ಇಲ್ಲದ್ದರಿಂದ ದಕ್ಷಿಣ ಭಾರತದ ಸುತ್ತ ಸಮುದ್ರಮಟ್ಟ ಆ ಆಕಾರಕ್ಕಿಂತ ಅಷ್ಟು ಕೆಳಗಿದೆ. ಗಾರ್ಮಿನ್ ಇದನ್ನು ಒಳಗೇ ತಿದ್ದಿ ತೋರಿಸುತ್ತದೆ, ಕೆಲವು ಆ್ಯಪ್‌ಗಳು ತಿದ್ದುವುದಿಲ್ಲ. ಮಲ್ಪೆ ಬೀಚಿನಲ್ಲಿ ನಿಂತವರಿಗೆ ಆ್ಯಪ್ 'ಮೈನಸ್' ಎತ್ತರ ತೋರಿಸುವುದು ಇದರಿಂದಲೇ.

ಜಮೀನು ಅಳೆಯಬಹುದಾ?

ಊರಿಗೆ ಹೋದಾಗ ಎಲ್ಲರೂ ಕೇಳುವ ಪ್ರಶ್ನೆ. ಉಪಕರಣದಲ್ಲಿ ಏರಿಯಾ ಕ್ಯಾಲ್ಕುಲೇಷನ್ ಇದೆ. ಗಡಿಯ ಮೇಲೆ ಒಂದು ಸುತ್ತು ನಡೆದರೆ ವಿಸ್ತೀರ್ಣ ಬರುತ್ತದೆ. ಐದಾರು ಎಕರೆ ತೋಟಕ್ಕೆ ಗೊಬ್ಬರ, ಬೇಲಿ ತಂತಿಯ ಅಂದಾಜು ಮಾಡಲು ಚೆನ್ನಾಗಿದೆ. ಚಿಕ್ಕ ತುಂಡಿಗೆ ಬೇಡ. ಹತ್ತು ಗುಂಟೆ ಎಂದರೆ ಸುಮಾರು 32 ಮೀಟರ್ ಬದಿಯ ಚೌಕ. ಒಂದೊಂದು ಬದಿ ಮೂರು ಮೀಟರ್ ಹೆಚ್ಚಾಗಿ ಬಂದರೂ ಲೆಕ್ಕ ಹನ್ನೆರಡು ಗುಂಟೆಯಾಗುತ್ತದೆ. ಅಣ್ಣತಮ್ಮಂದಿರ ನಡುವೆ ಆ ಎರಡು ಗುಂಟೆಗೆ ಜಗಳ ಹುಟ್ಟುವುದು ಬೇಡ. ಪಾಲು, ಹದ್ದುಬಸ್ತಿಗೆ ಸರ್ಕಾರಿ ಸರ್ವೇಯರೇ ಬರಲಿ.

ವಾಪಸ್ ಬಂದ ಮೇಲೆ

ಅಂದೇ ರಾತ್ರಿ ಟ್ರ್ಯಾಕನ್ನು ಸೇವ್ ಮಾಡಿ ಕಂಪ್ಯೂಟರಿಗೆ ಇಳಿಸಿ. ಫೈಲಿಗೆ ಜಾಗದ ಹೆಸರು, ತಾರೀಕು ಹಾಕಿ. ಕಾಲುದಾರಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲದಿದ್ದು, ಅಲ್ಲಿ ನಡೆಯಲು ಅನುಮತಿಯೂ ಇದ್ದರೆ, ನಿಮ್ಮ ಟ್ರ್ಯಾಕ್ ನೋಡಿ ಸೇರಿಸಿ. ನೀವು ಉಚಿತವಾಗಿ ಹಾಕಿಕೊಂಡ ಮ್ಯಾಪನ್ನು ಹೀಗೆ ಸೇರಿಸಿದವರೇ ಕಟ್ಟಿದ್ದು. ಹಂಚಿಕೊಳ್ಳುವ ಮೊದಲು ನಿಮ್ಮ ಮನೆಯ ಬಾಗಿಲಿನಿಂದ ಶುರುವಾಗುವ ತುದಿಯನ್ನು ಕತ್ತರಿಸಿ.

ಉಪಕರಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಡಲತೀರಕ್ಕೆ ಹೋಗಿದ್ದರೆ ಉಪ್ಪು ಹೋಗಲು ಸಿಹಿನೀರಿನಲ್ಲಿ ಒರೆಸಬೇಕು. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂತೆ ಮಾಡಿದ್ದು, ಆದರೆ ಹಿಂಬದಿ ಮುಚ್ಚಳದ ರಬ್ಬರಿಗೆ ಮರಳಿನ ಒಂದು ಕಣ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ. ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳವನ್ನೂ ಒತ್ತಿ ನೋಡಿ. ಮುಂದಿನ ಚಾರಣ ತಿಂಗಳಾಚೆ ಇದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ ಒಳಗಿನ ತಗಡನ್ನು ತಿಂದುಹಾಕುತ್ತದೆ, ಆಮೇಲೆ ರಿಪೇರಿ ಕಷ್ಟ.